ಪೇಪರಿನಲ್ಲೊಂದು ಚೌಕ ಕಿಂಡಿ

ಭಟ್ರು ತೀರಿಕೊಂಡ ಮೇಲೆ ನಮ್ಮ ಲೈಬ್ರರಿಯ ಪೇಪರು ಮೊನ್ನೆಯವರೆಗೂ ಪೂರ್ತಿ ಇತ್ತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲೂ ಒಂದು ತೂತಿಲ್ಲ. ಇಪ್ಪತ್ತೆರಡು ವರ್ಷ ಅದಕ್ಕಾಗಿಯೇ ಅವರ ಹತ್ತಿರ ಜಗಳವಾಡಿದವಳು ನಾನು. ಕಳೆದ ಆಸಾಡಿ ತಿಂಗಳ ಮಳೆಯಲ್ಲಿ ಅವರು ಹೋದರು, ಪೇಪರು ಸರಿಯಾಯಿತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಬೆಳಿಗ್ಗೆ ಪುಟ ತಿರುಗಿಸುವಾಗ ಬೆರಳು ಈಗಲೂ ಕಿಂಡಿ ಹುಡುಕುತ್ತದೆ.

ಕುಂಭಾಶಿಯಿಂದ ಸ್ವಲ್ಪ ಒಳಗೆ, ಪಂಚಾಯತ್ ಕಟ್ಟಡದ ಬಲಬದಿಯ ಒಂದು ಕೋಣೆ ನನ್ನ ಲೈಬ್ರರಿ. ನನ್ನದು ಅಂದರೆ ಸರಕಾರ ಒಪ್ಪಲಿಕ್ಕಿಲ್ಲ. ಆದರೆ ಇಷ್ಟು ವರ್ಷ ಕಸ ಗುಡಿಸಿ, ಗೆದ್ದಲು ಓಡಿಸಿ, ಮಳೆಗಾಲದಲ್ಲಿ ಪುಸ್ತಕಗಳನ್ನು ಮಕ್ಕಳಂತೆ ಬಿಸಿಲಿಗೆ ಹಾಕಿದವಳಿಗೆ ಅಷ್ಟು ಹೇಳಿಕೊಳ್ಳುವ ಹಕ್ಕಿದೆ. ಎಡಬದಿಯ ಕೋಣೆ ಅಂಗನವಾಡಿ. ನಡುವೆ ಒಂದೇ ಗೋಡೆ. ಆ ಕಡೆ ಮಕ್ಕಳು ಅತ್ತರೆ ಈ ಕಡೆ ಓದುವವರಿಗೆ ಪುಟ ತಪ್ಪುತ್ತದೆ.

ಭಟ್ರು ನಮ್ಮ ಸುತ್ತಿನ ಹತ್ತು ಹಳ್ಳಿಯ ಪುರೋಹಿತರು. ಹೆಸರು ಬರೆಯುವುದಿಲ್ಲ. ಊರಿಗೆಲ್ಲ ಅವರು ‘ಭಟ್ರು’ ಮಾತ್ರ, ಬೇರೆ ಭಟ್ಟರಿಗೆ ಮನೆಯ ಹೆಸರು ಸೇರಿಸಬೇಕಾಗುತ್ತಿತ್ತು. ತೆಳ್ಳಗೆ, ಉದ್ದಕ್ಕೆ ಇದ್ದರು. ಮೊಪೆಡ್ ಮೇಲೆ ಕೂತರೆ ಎರಡು ಮೊಣಕಾಲು ಎರಡು ಕಡೆ ಹೊರಗೆ ಚಾಚಿಕೊಳ್ಳುತ್ತಿತ್ತು. ಹೆಗಲಿಗೆ ಜೋತುಬಿದ್ದ ಬಟ್ಟೆಯ ಚೀಲದಲ್ಲಿ ಪಂಚಾಂಗ, ದರ್ಭೆಯ ಕಟ್ಟು, ಕನ್ನಡಕ. ಪಂಚಾಂಗದ ಒಳಗೆ, ಕಾಗದದಲ್ಲಿ ಸುತ್ತಿದ ಅರ್ಧ ಬ್ಲೇಡು. ಆ ಬ್ಲೇಡಿನ ವಿಷಯ ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲಿ.

ಆಗ ಲೈಬ್ರರಿಗೆ ದಿನಾ ಬರುತ್ತಿದ್ದ ರಿಟೈರ್ಡ್ ಮಾಸ್ಟ್ರೊಬ್ಬರು ಇದ್ದರು. ಪದಬಂಧ ತುಂಬುವುದೊಂದೇ ಅವರ ಬದುಕಿನ ಗುರಿ. ಒಂದು ದಿನ ಪೇಪರನ್ನು ನನ್ನ ಮೇಜಿನ ಮೇಲೆ ಬಿಸಾಡಿದರು. ಪದಬಂಧದ ಮೇಲಿಂದ ಕೆಳಕ್ಕೆ ಇರಬೇಕಾದ ಮನೆಗಳೆಲ್ಲ ಮಾಯ. ಆ ಜಾಗದಲ್ಲಿ ಚೌಕಾಕಾರದ ತೂತು, ಅದರಾಚೆ ನನ್ನ ಮುಖ.

‘ಎಂತ ಇದ್? ಇಲಿಯಾ?’ ಅಂದರು ಮಾಸ್ಟ್ರು.

ಇಲಿ ಅಷ್ಟು ನೇರಕ್ಕೆ ಕಡಿಯುವುದಿಲ್ಲ. ಮರುದಿನದಿಂದ ನಾನು ಕಾದು ಕೂತೆ. ನಾಲ್ಕನೇ ದಿನ ಸಿಕ್ಕಿಬಿದ್ದರು. ಕಿಟಕಿಯ ಪಕ್ಕದ ಬೆಂಚು, ಪೇಪರಿನ ಮೇಲೆ ಪಂಚಾಂಗ. ಪಂಚಾಂಗದ ಅಂಚನ್ನೇ ಅಡಿಕೋಲು ಮಾಡಿಕೊಂಡು, ನಾಲಿಗೆಯನ್ನು ತುಟಿಯ ಮೂಲೆಗೆ ಒತ್ತಿ, ಅಷ್ಟು ಶ್ರದ್ಧೆಯಿಂದ ಬ್ಲೇಡು ಎಳೆಯುತ್ತಿದ್ದರು. ಮಂತ್ರ ಹೇಳುವಾಗಲೂ ಅವರ ಮುಖದಲ್ಲಿ ಅಂಥ ಶ್ರದ್ಧೆ ನಾನು ಕಂಡಿರಲಿಲ್ಲ.

‘ಭಟ್ರೆ, ಎಂತ ಮಾಡ್ತಾ ಇದ್ರಿ?’

‘ಕತ್ರಸ್ತಾ ಇದ್ದೆ,’ ಅಂದರು, ತಲೆ ಎತ್ತದೆ.

‘ಅದ್ ಸರ್ಕಾರದ್ ಪೇಪರ್.’

‘ಸರ್ಕಾರಕ್ಕೆ ಈ ಸುದ್ದಿ ಬ್ಯಾಡ ಮಾರಾಯ್ತಿ. ಅದ್ ಹುಡ್ಕುದ್ ಬಿಟ್ಟ್ ಎಷ್ಟೋ ಕಾಲ ಆಯ್ತ್.’ ಆ ಚೂರನ್ನು ಮಡಚಿ ಜನಿವಾರದ ಪಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ‘ನಿನ್ ನಕ್ಷತ್ರ ಎಂತ?’

ಸಿಟ್ಟಿನಲ್ಲೇ ಹೇಳಿದೆ, ‘ಆರ್ದ್ರಾ.’

‘ಹಾಂಗೆ ಹೇಳ್,’ ಅಂದರು, ರೋಗ ಗೊತ್ತಾದ ಡಾಕ್ಟರ ಹಾಗೆ. ಅವತ್ತಿನಿಂದ ನಾನು ಅವರ ಬಾಯಲ್ಲಿ ಆರ್ದ್ರೆ ಆದೆ.

ಮನೆಯವರನ್ನು ಬಿಟ್ಟರೆ ಅವರು ಊರಿನ ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಹಾಲಿನ ಡೈರಿಯವ ಮೂಲಾ, ಬಸ್ಸಿನ ಕಂಡಕ್ಟರ್ ಭರಣಿ. ಅರ್ಧ ಊರಿನ ಜಾತಕ ಬರೆದವರು ಅವರೇ, ಹೆಸರಿಗಿಂತ ಮೊದಲು ನಕ್ಷತ್ರ ನೆನಪಾಗುತ್ತಿತ್ತು. ‘ಹ್ವಾಯ್ ಭರಣಿ, ಇಲ್ ಒಂಚೂರ್ ನಿಲ್ಸ್’ ಎಂದು ರಸ್ತೆಯ ಬದಿಯಿಂದ ಕೂಗಿದರೆ ಬಸ್ಸು ನಿಲ್ಲುತ್ತಿತ್ತು. ತಮ್ಮದನ್ನೂ ಬಿಡುತ್ತಿರಲಿಲ್ಲ. ತಿಂಗಳಿಗೊಂದು ದಿನ ಬೆಂಚಿನ ಮೇಲೆ ಕೂತು, ‘ಇವತ್ ನನ್ ರೋಹಿಣಿ, ಜಗಳ ಮಾಡ್ಬೇಡ ಆರ್ದ್ರೆ’ ಎನ್ನುತ್ತಿದ್ದರು. ಅವತ್ತು ಜಗಳ ಸ್ವಲ್ಪ ಜಾಸ್ತಿಯೇ ಆಗುತ್ತಿತ್ತು.

ಅವರು ಕತ್ತರಿಸುತ್ತಿದ್ದ ಸುದ್ದಿ ಯಾವುದೆಂದು ನನಗೆ ತಿಳಿಯಲಿಕ್ಕೆ ಇನ್ನೂ ಕೆಲವು ದಿನ ಬೇಕಾಯಿತು. ಕಿಂಡಿ ಬಿದ್ದ ದಿನದ ಪೇಪರನ್ನು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇನ್ನೊಂದು ಕೊಂಡು ಹೋಲಿಸಿ ನೋಡಿದೆ. ಎಲ್ಲೋ ಒಂದು ಸರಕಿನ ಹಡಗು ಸಂಪರ್ಕ ಕಡಿದುಕೊಂಡಿದೆ. ಇನ್ನೊಂದು ದಿನದ್ದು, ಸಮುದ್ರದ ಮೇಲೆ ಹೋಗುತ್ತಿದ್ದ ಸಣ್ಣ ವಿಮಾನ ಕಾಣೆ. ಮತ್ತೊಂದು, ಯಾವುದೋ ದೇಶದ ದಡದಲ್ಲಿ ಎಷ್ಟೋ ವರ್ಷದ ಹಿಂದೆ ಕಾಣೆಯಾದ ಹಡಗಿನ ಅವಶೇಷ ಸಿಕ್ಕಿದ್ದು. ಎರಡು ಇಂಚಿನ ಸುದ್ದಿಗಳು. ಉಳಿದವರು ಕಣ್ಣು ಹಾಯಿಸದೆ ದಾಟಿ ಹೋಗುವಂಥವು.

ನಾನು ಮತ್ತೆ ಕೇಳಲಿಲ್ಲ. ಊರಿನಲ್ಲಿ ಹೊಸಬಳಾದರೂ ಇಷ್ಟು ಗೊತ್ತಿತ್ತು, ಭಟ್ರ ತಮ್ಮ ಹಡಗಿನ ಜೊತೆ ಕಾಣೆಯಾದವ.

ತಮ್ಮ ಮುಂಬೈಯ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದನಂತೆ. ಅಲ್ಲಿಗೆ ದಿನಾ ಊಟಕ್ಕೆ ಬರುತ್ತಿದ್ದ ಯಾರೋ ಸರಕಿನ ಹಡಗಿನಲ್ಲಿ ಕೆಲಸ ಕೊಡಿಸಿದರು. ಮದುವೆಯಾಗಿ ಒಂದೂವರೆ ವರ್ಷ. ಹೊರಡುವ ಮೊದಲು ಮನೆಗೆ ಬಂದು, ‘ಅಣ್ಣಯ್ಯ, ಒಂದ್ ಒಳ್ಳೆ ದಿನ ಕಂಡ್ ಕೊಡ್’ ಅಂದ. ಅಣ್ಣ ಎರಡು ದಿನ ಕೂತು ದಿನ ನೋಡಿದರು. ಅಂಥ ದಿನ ವರ್ಷಕ್ಕೊಂದು ಸಿಕ್ಕಿದರೆ ಪುಣ್ಯ ಎಂದು ಎಲ್ಲರ ಹತ್ತಿರ ಹೇಳಿಕೊಂಡರಂತೆ. ತಮ್ಮ ಆ ದಿನ, ಆ ಗಳಿಗೆಗೆ ಸರಿಯಾಗಿ, ಬಲಗಾಲು ಮುಂದಿಟ್ಟು ಹೊರಟ. ಏಳು ತಿಂಗಳ ಮೇಲೆ ಹಡಗು ಒಂದು ಬಂದರಿನಿಂದ ಹೊರಟದ್ದು ಇನ್ನೊಂದನ್ನು ಮುಟ್ಟಲಿಲ್ಲ. ಸಂಜೆ ಎಂದಿನಂತೆ ಸುದ್ದಿ ಕಳಿಸಿತ್ತು, ಮರುದಿನ ಬೆಳಿಗ್ಗೆ ಇಲ್ಲ. ಬಿರುಗಾಳಿ ಇರಲಿಲ್ಲ. ನೀರಿನ ಮೇಲೆ ಎಣ್ಣೆ ಕಾಣಲಿಲ್ಲ, ಒಂದು ಹಲಗೆ ತೇಲಲಿಲ್ಲ. ಕಂಪೆನಿಯಿಂದ ಹುಡುಕುತ್ತಿದ್ದೇವೆ ಎಂದು ಒಂದು ಕಾಗದ ಬಂತು, ಹುಡುಕುವುದನ್ನು ನಿಲ್ಲಿಸಿದ್ದೇವೆ ಎಂದು ಇನ್ನೊಂದು.

ಆ ತಮ್ಮನ ಹೆಂಡತಿಯೇ ಪಕ್ಕದ ಅಂಗನವಾಡಿಯ ಯಮುನಕ್ಕ. ಯಡ್ತರೆಯ ಹೆಣ್ಣು. ಗಂಡ ಕಾಣೆಯಾದ ಮೇಲೆ ತವರಿಗೆ ಹೋಗಲಿಲ್ಲ, ಭಾವ, ಓರಗಿತ್ತಿಯ ಜೊತೆ ಗಂಡನ ಮನೆಯಲ್ಲೇ ಉಳಿದರು. ಮಾತು ಕಡಿಮೆ, ನಗು ಜಾಸ್ತಿ. ಹಣೆಯಲ್ಲಿ ಕಾಸಿನಗಲ ಕುಂಕುಮ, ಕೈತುಂಬ ಹಸಿರು ಬಳೆ. ಮಧ್ಯಾಹ್ನ ನಾನು ಲೈಬ್ರರಿಗೆ ಬೀಗ ಹಾಕುವ ಹೊತ್ತಿಗೆ ಅಲ್ಲಿ ಮಕ್ಕಳು ಮಲಗಿರುತ್ತವೆ. ಅವತ್ತಿನ ಪೇಪರನ್ನು ಅವರ ಕೈಗೆ ಕೊಟ್ಟೇ ನಾನು ಊಟಕ್ಕೆ ಹೋಗುವುದು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ‘ಈ ತೂತು ಎಂತ?’ ಎಂದು ಅವರು ಕೇಳಿದವರಲ್ಲ. ಇದು ನನಗೆ ವಿಚಿತ್ರವಾಗಿ ಕಾಣಬೇಕಿತ್ತು, ಕಂಡಿರಲಿಲ್ಲ. ಓದಿದವಳೆಂಬ ಜಂಬ ಇದ್ದವರಿಗೆ ಪಕ್ಕದಲ್ಲಿರುವುದು ಕಾಣುವುದಿಲ್ಲ.

ಮದುವೆಗೆ, ಮನೆ ಒಕ್ಕಲಿಗೆ, ಬಾವಿ ತೋಡುವುದಕ್ಕೆ ದಿನ ಬೇಕಾದವರು ಲೈಬ್ರರಿಗೇ ಬರುತ್ತಿದ್ದರು, ಬೆಳಗಿನ ಹೊತ್ತು ಭಟ್ರು ಅಲ್ಲೇ ಸಿಗುತ್ತಾರೆಂದು. ನನಗೆ ತಲೆಬಿಸಿ. ಮೌನವಾಗಿರಿ ಎಂಬ ಬೋರ್ಡಿನ ಕೆಳಗೇ ಕೂತು ಜಾತಕ ಕೂಡಿಸುತ್ತಿದ್ದರು. ಆದರೆ ಅವರ ಕೆಲಸ ನೋಡುವುದಕ್ಕೆ ಚೆಂದ. ಹುಡುಗನಿಗೆ ದುಬೈಯಲ್ಲಿ ಒಂದೇ ವಾರ ರಜೆ, ಆ ವಾರದಲ್ಲಿ ಒಂದೂ ಮುಹೂರ್ತ ಇಲ್ಲ ಎಂದು ಬೇರೆ ಕಡೆಯಿಂದ ವಾಪಸು ಬಂದವರಿಗೂ ಅವರು ಇಲ್ಲ ಎಂದದ್ದು ನಾನು ಕೇಳಿಲ್ಲ. ಪುಟದ ಮೇಲೆ ಬೆರಳು ಓಡಿಸುತ್ತ, ‘ತಡಿ ತಡಿ, ದಾರಿ ಇತ್ತ್’ ಎನ್ನುವರು. ಬುಧವಾರ ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಒಂದು ಸಂದು ಸಿಕ್ಕೇ ಸಿಕ್ಕುವುದು. ಅವರು ಇಟ್ಟ ದಿನ ತಪ್ಪಿತೆಂದು ಯಾರೂ ಅಂದವರಿಲ್ಲ. ಅಂದರೆ ಅವರು ಒಪ್ಪುವ ಪೈಕಿಯೂ ಅಲ್ಲ. ಕರೆಂಟಿನವರು ಬರೆದ ಬಿಲ್ಲು, ಮಾಸ್ಟ್ರು ತುಂಬಿದ ಪದಬಂಧ, ಎಲ್ಲದರಲ್ಲೂ ತಪ್ಪು ಹುಡುಕುವ ಮನುಷ್ಯ ತನ್ನದೊಂದನ್ನೂ ಒಪ್ಪಿದ್ದು ನಾನು ಕಂಡಿರಲಿಲ್ಲ.

ಒಂದು ಕೆಲಸಕ್ಕೆ ಮಾತ್ರ ಅವರು ಪಂಚಾಂಗ ಬಿಚ್ಚುತ್ತಿರಲಿಲ್ಲ. ಉಪ್ಪುಂದದ ಒಬ್ಬರು ಹೊಸ ಬೋಟು ಕಟ್ಟಿಸಿ, ನೀರಿಗಿಳಿಸುವ ದಿನ ಕೇಳಲು ಅಷ್ಟು ದೂರದಿಂದ ಬಂದಿದ್ದರು. ಫಲತಾಂಬೂಲ ತಂದಿದ್ದರು. ಭಟ್ರು ಪಂಚಾಂಗ ಮುಚ್ಚಿ ಚೀಲಕ್ಕೆ ಹಾಕಿದರು.

‘ಮದಿಗೆ ಕಾಂತೆ, ಬಾವಿಗೆ ಕಾಂತೆ. ನೀರ್ ಮೇಲೆ ಹೋಪ್ದಕ್ಕೆ ಮಾತ್ರ ನನ್ ಕೈಯಗೆ ಕೇಣ್ಬೇಡಿ.’

‘ನಿಮ್ ಕೈಗುಣ ಒಳ್ಳೇದ್ ಅಂದ್ಹೇಳಿ ಬಂದದ್ದ್, ಭಟ್ರೆ.’

‘ಅದಕ್ಕೇ ಬ್ಯಾಡ ಅಂಬುದ್,’ ಅಂದು ಬೇರೊಬ್ಬರ ವಿಳಾಸ ಕೊಟ್ಟು ಕಳಿಸಿದರು. ಆದರೆ ಆ ಬೋಟು ಎಂದು ಇಳಿಯುತ್ತದೆಂದು ಕೇಳಿಟ್ಟುಕೊಂಡಿದ್ದರು. ಆ ದಿನ ನನ್ನ ಫೋನಿನಿಂದ ಉಪ್ಪುಂದಕ್ಕೆ ನಾಲ್ಕು ಸಲ ಮಾಡಿಸಿದರು. ಬೋಟು ವಾಪಸು ದಡ ಮುಟ್ಟಿತು ಎಂದು ಗೊತ್ತಾದ ಮೇಲೆಯೇ ಊಟಕ್ಕೆ ಎದ್ದದ್ದು. ಆಗ ಮೂರು ಗಂಟೆ ಆಗಿತ್ತು, ನನಗೂ ಹಸಿವಾಗಿತ್ತು. ಬೈಯುವುದಕ್ಕೆ ಬಾಯಿ ಬರಲಿಲ್ಲ.

ಹನ್ನೆರಡು ವರ್ಷ ತುಂಬಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಕಾಣೆಯಾದವ ಹನ್ನೆರಡು ವರ್ಷ ಬಾರದಿದ್ದರೆ ಸತ್ತನೆಂದೇ ತಿಳಿದು ಉತ್ತರಕ್ರಿಯೆ ಮಾಡಬೇಕೆಂದು ಅವರಲ್ಲಿ ಕ್ರಮ. ದೇಹ ಇಲ್ಲವಲ್ಲ, ಅದಕ್ಕೆ ಮುತ್ತುಗದ ಎಲೆಯ ತೊಟ್ಟುಗಳನ್ನು ಮನುಷ್ಯನ ಆಕಾರಕ್ಕೆ ಜೋಡಿಸುತ್ತಾರೆ. ತಲೆಗೆ ಇಷ್ಟು, ಎದೆಗೆ ಇಷ್ಟು, ಕೈಕಾಲಿಗೆ ಇಷ್ಟು ಎಂದು ಒಟ್ಟು ಮುನ್ನೂರರವತ್ತು ತೊಟ್ಟು. ದರ್ಭೆಯಲ್ಲಿ ಕಟ್ಟಿ ಬೆಂಕಿ ಕೊಡುತ್ತಾರೆ. ಅಲ್ಲಿಗೆ ಅವನ ಹೆಂಡತಿಯ ಕುಂಕುಮವೂ ಹೋಯಿತು. ಈಗ ಕಾಲ ಬದಲಾಗಿದೆ ಎನ್ನುತ್ತಾರೆ. ನಮ್ಮ ಕಡೆಯ ಮದುವೆ ಮನೆಯ ಬಾಗಿಲಲ್ಲಿ ಎಷ್ಟು ಬದಲಾಗಿದೆಯೆಂದು ನನ್ನನ್ನು ಕೇಳಬೇಡಿ.

ಊರವರಿಗೆ ಇಂಥ ಕ್ರಿಯೆಯನ್ನು ಭಟ್ರು ಎರಡು ಮೂರು ಸಲ ಮಾಡಿಸಿದ್ದರು. ಒಂದು ತೊಟ್ಟು ಹೆಚ್ಚುಕಡಿಮೆಯಾಗದಂತೆ ಎಣಿಸಿ ಕಟ್ಟುತ್ತಿದ್ದರಂತೆ. ಸ್ವಂತ ತಮ್ಮನದು ಬಂದಾಗ ಮಾತ್ರ ಪಂಚಾಂಗದಲ್ಲಿ ದಿನವೇ ಇಲ್ಲ. ಒಂದು ವರ್ಷ ಅಧಿಕ ಮಾಸ. ಮರುವರ್ಷ ಗುರು ಅಸ್ತ. ಅದರಾಚೆಯ ವರ್ಷ ಶುಕ್ರ ಅಸ್ತ, ಎರಡೂ ಸರಿ ಇದ್ದಾಗ ಧನಿಷ್ಠಾ ಪಂಚಕ. ಭಟ್ರ ಮಗಳ ಮದುವೆಯಾದ ವರ್ಷ ಮನೆಯಲ್ಲಿ ಶುಭವಾಗಿದೆ, ಮಾಡುವಂತಿಲ್ಲ. ಮುಂದಿನ ವರ್ಷ ದಾಯಾದಿಗಳಲ್ಲಿ ಸೂತಕ. ದುಬೈಯ ಹುಡುಗನಿಗೆ ಒಂದು ವಾರದೊಳಗೆ ದಾರಿ ಹುಡುಕಿದವರಿಗೆ ತಮ್ಮನ ವಿಷಯಕ್ಕೆ ಹತ್ತು ವರ್ಷದಲ್ಲಿ ಒಂದು ಸಂದು ಸಿಗಲಿಲ್ಲ.

ಪ್ರತಿ ವರ್ಷ ಮಹಾಲಯದ ಹೊತ್ತಿಗೆ ಸಾಲಿಗ್ರಾಮದಿಂದ ಅವರ ದೊಡ್ಡಪ್ಪನ ಮಗ ಬರುವರು. ಒಳ್ಳೆಯವರೇ, ಆದರೆ ಮನೆಯಲ್ಲಿ ದನ ಹಾಲು ಕಡಿಮೆ ಕೊಟ್ಟರೂ ಕಾಣೆಯಾದವನ ಪ್ರೇತಬಾಧೆ ಎನ್ನುವ ಪೈಕಿ. ಒಂದು ಸಲ ಲೈಬ್ರರಿಯಲ್ಲೇ, ಮಾಸ್ಟ್ರ ಎದುರಿಗೆ, ಹೇಳಿಬಿಟ್ಟರು.

‘ಅವ ಅಲ್ಲಿ ನೀರಂಗೆ ತಿರ್ಗತಾ ಇದ್ದ. ನೀ ಇಲ್ಲಿ ಪಂಚಾಂಗ ತಿರ್ಗಸ್ತಾ ಕೂಕಂಡಿದ್ದೆ.’

ಭಟ್ರು ಪಂಚಾಂಗದ ಪುಟ ಇನ್ನೊಂದು ತಿರುಗಿಸಿದರು. ‘ಶಾಸ್ತ್ರ ಬಿಟ್ ಮಾಡುಕಾತ್ತಾ? ಈ ವರ್ಷ ದಿನ ಸಮ ಇಲ್ಲೆ. ಬಪ್ಪ ವರ್ಷ ಕಾಂಬ.’

ತಮ್ಮನ ಮುಕ್ತಿ ಒಂದು ಕಡೆ, ತಮ್ಮನ ಹೆಂಡತಿಯ ಹಣೆ ಇನ್ನೊಂದು ಕಡೆ. ತಕ್ಕಡಿ ಹಿಡಿದವರು ಎರಡನ್ನೂ ನಂಬಿದ ಮನುಷ್ಯ. ನನ್ನಂಥವರಿಗೆ ಸುಲಭ, ಇದೆಲ್ಲ ಸುಳ್ಳು ಎಂದು ಕೈಕೊಡವಿ ಏಳಬಹುದು. ಅವರಿಗೆ ಸುಳ್ಳಲ್ಲ. ತಮ್ಮ ನಿಜವಾಗಿಯೂ ಅಲ್ಲಿ ನೀರಿನಲ್ಲಿ ತಿರುಗುತ್ತಿದ್ದ. ಅದನ್ನು ತಿಳಿದೂ ಅವರು ಸುಳ್ಳು ದೋಷ ಹುಡುಕುತ್ತಿದ್ದರು.

ಮದುವೆ ಮನೆಯ ಒಂದು ಚಿತ್ರ ಕಣ್ಣಿನಿಂದ ಹೋಗುವುದಿಲ್ಲ. ಕೋಟದಲ್ಲಿ ಒಂದು ಮದುವೆ. ಮಂಟಪದಲ್ಲಿ ಭಟ್ರು. ಆರತಿಗೆ ಮುತ್ತೈದೆಯರು ಬರಬೇಕು. ಯಮುನಕ್ಕ ಎರಡು ಹೆಜ್ಜೆ ಮುಂದೆ ಇಟ್ಟವರು, ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಕಂಡು ಕಂಬದ ಹಿಂದೆ ನಿಂತರು. ಆಗ ಮೈಕಿನಲ್ಲಿ, ಮಂತ್ರದ ಮಧ್ಯದಲ್ಲಿ, ಇಡೀ ಹಾಲಿಗೆ ಕೇಳುವಂತೆ ಭಟ್ರ ದನಿ ಬಂತು. ‘ಯಮುನಾ, ಎಲ್ಲಿದ್ದೆ? ಆರತಿ ತಕಂಡ್ ಮುಂದ್ ಬಾ.’ ಪುರೋಹಿತರೇ ಕರೆದ ಮೇಲೆ ಯಾರು ಎಂತ ಹೇಳುವುದು? ಆಮೇಲೆ ಅವರು ಹೋದ ಮದುವೆಯಲ್ಲೆಲ್ಲ ಮೊದಲ ಆರತಿ ಯಮುನಕ್ಕನದೇ.

ತುಂಬಿದ ವಿಮಾನವೊಂದು ಸಮುದ್ರದ ಮೇಲೆ ಹಾರುತ್ತ ಹಾರುತ್ತ ಇಲ್ಲವಾದ ವರ್ಷ ಭಟ್ರಿಗೆ ಬಿಡುವಿಲ್ಲ. ಪೇಪರಿನ ತುಂಬ ಅದೇ. ಅವರ ಬ್ಲೇಡು ಹಾದುಹೋದ ಮೇಲೆ ನಮ್ಮ ಪೇಪರು ಮೀನಿನ ಬಲೆಯ ಹಾಗೆ ಕಾಣುತ್ತಿತ್ತು. ಮಾಸ್ಟ್ರು ಸಿಟ್ಟಿನಲ್ಲಿ ಒಂದು ತಿಂಗಳು ಬರಲಿಲ್ಲ. ಆಗಲೇ ನಾನು ತಮಾಷೆಗೆಂದು ಲೈಬ್ರರಿಯಲ್ಲಿದ್ದ ಹಳೆಯ ಪುಸ್ತಕವೊಂದನ್ನು ಅವರಿಗೆ ಕೊಟ್ಟೆ. ಹಡಗು, ವಿಮಾನಗಳನ್ನು ನುಂಗುವ ಮಾಯಾ ಸಮುದ್ರದ ಬಗ್ಗೆ, ಅನ್ಯಗ್ರಹದವರು, ನೀರಿನಡಿಯ ನಗರ ಎಂದೆಲ್ಲ ಬರೆದದ್ದು. ಹೈಸ್ಕೂಲು ಮಕ್ಕಳು ಓದಿ ಓದಿ ಹೊದಿಕೆ ಹರಿದಿತ್ತು. ಭಟ್ರು ಒಂದೇ ದಿನದಲ್ಲಿ ಓದಿ ತಂದು ಮೇಜಿನ ಮೇಲಿಟ್ಟರು.

‘ಹ್ಯಾಂಗಿತ್ತ್, ಭಟ್ರೆ?’

‘ಬರ್ದವ್ನ ಮನೆಯಗೆ ಯಾರೂ ಕಾಣೆ ಆಯ್ಲಿಲ್ಲ,’ ಅಂದರು. ಸಿಟ್ಟಿಲ್ಲದೆ ಹೇಳಿದರು. ಚೀಲ ಹೆಗಲಿಗೆ ಹಾಕಿಕೊಂಡು, ‘ಕಾಣೆ ಆಪುದ್ ಬೇರೆ, ಇಲ್ದೆ ಆಪುದ್ ಬೇರೆ, ಆರ್ದ್ರೆ. ಇಲ್ದೆ ಆದವ್ರಿಗೆ ತಿಥಿ ಇತ್ತ್. ಕಾಣೆ ಆದವ್ರಿಗೆ ತಿಥಿಯೂ ಇಲ್ಲೆ’ ಅಂದರು.

ಆ ಪುಸ್ತಕವನ್ನು ನಾನು ಮತ್ತೆ ಯಾರಿಗೂ ಹೊಗಳಿ ಕೊಟ್ಟಿಲ್ಲ. ಕತ್ತರಿಸಿದ ಚೂರುಗಳನ್ನೆಲ್ಲ ಅವರು ಮನೆಯಲ್ಲಿ ಒಂದು ದೊಡ್ಡ ಪುಸ್ತಕಕ್ಕೆ ಅಂಟಿಸಿಟ್ಟಿರಬೇಕು, ತಮ್ಮನ ಹಡಗಿಗೆ ಏನಾಗಿರಬಹುದೆಂದು ಕೂತು ಲೆಕ್ಕ ಹಾಕುತ್ತಿರಬೇಕು ಎಂದು ನನ್ನ ಅಂದಾಜು. ಆ ಪುಸ್ತಕ ಒಂದು ದಿನ ನಮ್ಮ ಲೈಬ್ರರಿಗೆ ಬರಬೇಕೆಂಬ ಆಸೆಯೂ ಇತ್ತು.

ಕಳೆದ ಬೇಸಿಗೆಯ ಕೊನೆಗೆ ಭಟ್ರಿಗೆ ಎದೆ ಹಿಡಿದುಕೊಂಡಿತು. ಕುಂದಾಪುರದ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಮನೆಗೆ ಬಂದರು. ಮೊಪೆಡ್ ಇಲ್ಲ, ಪೌರೋಹಿತ್ಯ ಇಲ್ಲ. ನಾನು ಎರಡು ದಿನಕ್ಕೊಮ್ಮೆ ಪೇಪರು ಹಿಡಿದುಕೊಂಡು ಹೋಗುತ್ತಿದ್ದೆ. ಬ್ಲೇಡೂ ಒಯ್ಯುತ್ತಿದ್ದೆ ಎಂದು ಹೇಳಿದರೆ ಇಲಾಖೆಯವರು ಬೇಜಾರು ಮಾಡಿಕೊಳ್ಳಬಾರದು. ಆದರೆ ಅವರಿಗೆ ಕೈ ಓಡುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ. ಮಳೆ ಹಿಡಿದಿತ್ತು. ಚಾವಡಿಯ ಮಂಚದ ಮೇಲೆ ದಿಂಬಿಗೆ ಒರಗಿ ಪಂಚಾಂಗ ನೋಡುತ್ತಿದ್ದರು. ಅವರ ಹೆಂಡತಿ ಗಂಜಿ ತರಲು ಒಳಗೆ ಹೋಗಿದ್ದರು. ಭಟ್ರು ಕರೆದರು.

‘ಯಮುನಾ, ಇಲ್ ಬಾ. ಕಾರ್ತಿಕ ಬಹುಳದಗೆ ಒಂದ್ ಗುರುವಾರ ಇತ್ತ್. ಅಧಿಕ ಇಲ್ಲೆ, ಅಸ್ತ ಇಲ್ಲೆ, ಪಂಚಕ ಇಲ್ಲೆ. ಎಷ್ಟ್ ಹುಡ್ಕರೂ ಒಂದ್ ದೋಷ ಇಲ್ಲೆ. ನಾ ಬದ್ಕಿ ಇಪ್ಪತಿಗೇ ಮಾಡಿ ಮುಗ್ಸುವ. ನಾಳೆ ಬೇರೆಯವ್ರ್ ಮಾಡ್ರೆ ತೊಟ್ಟ್ ಸಮ ಎಣ್ಸುದಿಲ್ಲ.’

ಯಮುನಕ್ಕ ಬಾಗಿಲಲ್ಲಿ ನಿಂತಿದ್ದರು.

‘ಆ ದಿನ ಕಂಡ್ ಕೊಟ್ಟದ್ದೂ ನಾನೇ,’ ಅಂದರು ಭಟ್ರು. ಈ ಮಾತು ಹೇಳುವಾಗ ಮುಖ ಗೋಡೆಯ ಕಡೆ ಇತ್ತು. ‘ಈ ದಿನವೂ ನಾನೇ ಕೊಡ್ಕಲ.’

ಎಷ್ಟೋ ವರ್ಷ ಯಾರೂ ಆಡದೆ ಇಟ್ಟಿದ್ದ ಮಾತು ಅದು. ನಾನು ಅಲ್ಲಿ ಇರಬಾರದಿತ್ತು ಅನ್ನಿಸಿ ಎದ್ದೆ. ಯಮುನಕ್ಕ ಕೈಸನ್ನೆಯಲ್ಲಿ ಕೂರಿಸಿದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಭಾವನ ಕೈಯಿಂದ ಪಂಚಾಂಗ ತೆಗೆದುಕೊಂಡರು. ಅವರ ಕನ್ನಡಕವನ್ನೇ ಹಾಕಿಕೊಂಡರು. ಭಟ್ರು ಓಡಿಸುವ ಹಾಗೆಯೇ ಸಾಲಿನ ಮೇಲೆ ಬೆರಳು ಓಡಿಸಿದರು.

‘ಭಾವ, ಅವತ್ತ್ ರೋಹಿಣಿ ಅಲ್ದಾ?’

ಭಟ್ರು ತಿರುಗಿ ನೋಡಿದರು.

‘ನಿಮ್ ಜನ್ಮನಕ್ಷತ್ರ. ಕ್ರಿಯೆಗೆ ಕೂಕಂಬವ್ರ ಜನ್ಮನಕ್ಷತ್ರದ್ ದಿನ ಇದೆಲ್ಲ ಮಾಡುಕಾಗ ಅಂದ್ಹೇಳಿ ಆಚೆ ವರ್ಷ ನೀವೇ ಹೇಳದ್ದಲ್ದಾ?’

ಭಟ್ರು ಯಮುನಕ್ಕನ ಮುಖವನ್ನೇ ನೋಡುತ್ತಿದ್ದರು. ಪಂಚಾಂಗ ಕೊಡು, ನೋಡುತ್ತೇನೆ ಎನ್ನಲಿಲ್ಲ.

‘ಹೌದಲೆ,’ ಅಂದರು ಕೊನೆಗೆ. ‘ನಂಗೆ ಕಂಡದ್ದೇ ಇಲ್ಲೆ. ತಪ್ಪ್ ಆಯ್ತ್ ಕಾಣ್, ಯಮುನಾ.’

‘ಅಡ್ಡಿಲ್ಲೆ ಭಾವ. ದಿನ ಕಾಂಬತಿಗೆ ಯಾರಿಗಾರೂ ತಪ್ಪುತ್ತ್.’

ಅಷ್ಟು ಹೇಳಿ ಪಂಚಾಂಗ ಮುಚ್ಚಿ ಚೀಲದೊಳಗೆ ಇಟ್ಟು ಅಡುಗೆಮನೆಗೆ ಹೋದರು. ಭಟ್ರು ಕಣ್ಣು ಮುಚ್ಚಿಕೊಂಡರು. ಕಣ್ಣಿನ ಬದಿಯಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು, ಒರೆಸಿಕೊಳ್ಳಲಿಲ್ಲ. ಕಣ್ಣು ಮುಚ್ಚಿಯೇ, ‘ಆರ್ದ್ರೆ, ಪೇಪರ್ ಓದ್’ ಅಂದರು. ನಾನು ಮಳೆಯ ಸುದ್ದಿ ಓದಿದೆ.

ಸಂಜೆ ಲೈಬ್ರರಿಗೆ ಬಂದು ನಮ್ಮಲ್ಲಿದ್ದ ಪಂಚಾಂಗ ತೆಗೆದು ನೋಡಿದೆ. ಆ ಗುರುವಾರ ಹಸ್ತ. ರೋಹಿಣಿ ಒಂಬತ್ತು ದಿನ ಮೊದಲೇ ಆಗಿಹೋಗಿತ್ತು. ನನ್ನಂಥವಳಿಗೆ ಸಿಕ್ಕಿದ್ದು ಭಟ್ರಿಗೆ ಗೊತ್ತಿರಲಿಲ್ಲವೇ? ಜನ್ಮದಲ್ಲಿ ಅವರು ಒಪ್ಪಿಕೊಂಡದ್ದು ಒಂದೇ ತಪ್ಪು, ಅದನ್ನು ಅವರು ಮಾಡಿರಲೂ ಇಲ್ಲ.

ಅದಾಗಿ ಹದಿನೇಳನೇ ದಿನ ಭಟ್ರು ಹೋದರು. ನೆಮ್ಮದಿಯಲ್ಲಿ ಹೋದರು ಎಂದು ಮನೆಯವರು ಹೇಳುತ್ತಾರೆ, ನಾನು ನಂಬುತ್ತೇನೆ. ಉತ್ತರಕ್ರಿಯೆಯ ಬೊಜ್ಜದ ಊಟದ ದಿನ ಸಾಲಿಗ್ರಾಮದ ಆ ದೊಡ್ಡಪ್ಪನ ಮಗ, ಅಣ್ಣಯ್ಯ, ಕೈ ತೊಳೆದುಕೊಂಡು ಬಂದು ಮಾತು ತೆಗೆದರು. ಇನ್ನಾದರೂ ತಮ್ಮನದನ್ನು ಮುಗಿಸಬೇಕಲ್ಲ, ಬೇರೆ ಪುರೋಹಿತರ ಹತ್ತಿರ ದಿನ ಕೇಳುವ ಎಂದರು. ಯಮುನಕ್ಕ ಬಾಳೆಎಲೆ ತೆಗೆಯುತ್ತಿದ್ದವರು ನೆಟ್ಟಗೆ ನಿಂತರು.

‘ಬೇರೆಯವ್ರನ್ ಕೇಣುದ್ ಬ್ಯಾಡ. ಪಂಚಾಂಗ ಮನೆಯಗೇ ಇತ್ತಲೆ. ದಿನ ಸಮ ಬಂದತಿಗೆ ನಾನೇ ಹೇಳ್ತೆ.’

ಅಣ್ಣಯ್ಯ ಚಪ್ಪಲಿ ಹುಡುಕಿಕೊಂಡು ಅಂಗಳಕ್ಕಿಳಿದರು. ನನಗೆ ಅಲ್ಲೇ ಚಪ್ಪಾಳೆ ತಟ್ಟುವ ಹಾಗಾಗಿತ್ತು, ಸಾವಿನ ಮನೆಯೆಂದು ಸುಮ್ಮನಾದೆ.

ಒಂದು ತಿಂಗಳ ಮೇಲೆ, ಮಧ್ಯಾಹ್ನ, ಮಕ್ಕಳು ಮಲಗಿದ್ದಾಗ ಅಂಗನವಾಡಿಗೆ ಹೋಗಿ ಕೇಳಿದೆ. ಭಟ್ರು ಅಂಟಿಸಿಟ್ಟ ಚೂರುಗಳ ಪುಸ್ತಕ ಇದ್ದರೆ ಲೈಬ್ರರಿಗೆ ಕೊಡಿ, ಜೋಪಾನವಾಗಿ ಇಡುತ್ತೇನೆ ಎಂದೆ.

ಯಮುನಕ್ಕ ಮಗುವಿನ ಹೊದಿಕೆ ಸರಿಮಾಡುತ್ತ ನಕ್ಕರು. ‘ಎಂತ ಪುಸ್ತಕ? ಎಲ್ಲಾ ಬಚ್ಚಲ್ ಒಲೆಗೆ ಹಾಕ್ತಿದ್ರ್. ಮಿಂಬುಕೆ ಹೋಪತಿಗೆ ಸೊಂಟದಿಂದ ತೆಗ್ದ್ ಒಲೆಗೆ ಹಾಕೂದ್. ನಾ ಎಷ್ಟ್ ಸಲ ಕಂಡಿದೆ.’

‘ಒಲೆಗಾ? ಎಂತಕ್ಕೆ?’ ಅಂದೆ.

‘ನಾ ಓದುಕಾಗ ಅಂದ್ಹೇಳಿ ಮಾರಾಯ್ತಿ. ನಿನ್ ಪೇಪರ್ ಮಧ್ಯಾಹ್ನ ಇಲ್ಲಿಗೆ ಬತ್ತಲೆ. ಹಡ್ಗ್ ಮುಳ್ಗಿದ್ದ್ ಓದ್ರೆ ಕಣ್ಣೀರ್ ಹಾಕಿ ಮರ್ಕುತ್ತೆ, ಸಿಕ್ಕಿದ್ದ್ ಓದ್ರೆ ಆಸೆ ಮಾಡ್ತೆ ಅಂದ್ಹೇಳಿ ಅವ್ರಿಗೆ ಹೆದ್ರಿಕೆ. ಟಿವಿಯಗೆ ಬಂದ್ರೆ ಯಕ್ಷಗಾನ ಹಾಕ್ತಿದ್ರ್.’

ಇಪ್ಪತ್ತೆರಡು ವರ್ಷ ನಾನು ತಿಳಿದುಕೊಂಡದ್ದು ಒಂದು, ನನ್ನ ಗೋಡೆಯಾಚೆ ಇದ್ದದ್ದು ಇನ್ನೊಂದು. ನಾಚಿಕೆಯಾಯಿತು. ‘ಹಾಂಗಾರೆ ನಿಮ್ಗೆ ಗೊತ್ತೇ ಆತಿರ್ಲಿಲ್ವಾ?’ ಎಂದು ಕೇಳಿದೆ.

‘ತೂತ್ ಕಂಡ್ರೆ ಗೊತ್ತಾತ್ತಿಲ್ಯಾ?’ ಅಂದರು. ‘ಇವತ್ ಎಲ್ಲೋ ಒಂದ್ ಹಡ್ಗ್ ಹೋಯ್ತ್, ಇಲ್ದಿರೆ ಎಲ್ಲೋ ಒಂದ್ ಸಿಕ್ತ್. ಸುದ್ದಿ ನಂಗೆ ಬೇಕಿರ್ಲಿಲ್ಲ. ಆ ತೂತ್ ಕಾಂಬುಕೇ ಪೇಪರ್ ಬಿಚ್ತಿದ್ದೆ. ನಾನೊಬ್ಳೇ ಅಲ್ಲ, ಇನ್ನೊಬ್ರೂ ನೆನೆಸ್ಕಂಡ್ರ್ ಇವತ್ ಅಂದ್ಹೇಳಿ ಒಂದ್ ಸಮಾಧಾನ.’

ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಊಟ ಮಾಡಿಕೊಂಡು, ಅವನ ವಿಷಯ ಒಂದು ಮಾತೂ ಆಡದೆ, ನನ್ನ ಲೈಬ್ರರಿಯ ಪೇಪರಿನಲ್ಲಿ ದಿನಾ ಭೇಟಿಯಾಗುತ್ತಿದ್ದರು. ನಾನು ಅದರ ಮೇಲೆ ‘ಪತ್ರಿಕೆಗಳನ್ನು ಹಾಳುಗೆಡವಬಾರದು’ ಎಂದು ಬೋರ್ಡು ಹಾಕಿದ್ದೆ.

ಕಾರ್ತಿಕದ ಆ ಗುರುವಾರ ಬಂತು, ಹೋಯಿತು. ಯಮುನಕ್ಕ ಎಂದಿನಂತೆ ಹತ್ತು ಗಂಟೆಗೆ ಮುಂಚೆ ಬಂದು ಅಂಗನವಾಡಿಯ ಬೀಗ ತೆಗೆದರು. ಹಣೆಯಲ್ಲಿ ಅದೇ ಕಾಸಿನಗಲ ಕುಂಕುಮ. ನಾನು ನೋಡಿದ್ದನ್ನು ಅವರು ನೋಡಿದರು, ಒಳಗೆ ಹೋದರು.

ಮೊನ್ನೆ ಬೆಳಿಗ್ಗೆ ಪೇಪರು ಬಿಚ್ಚಿದೆ. ಎಂಟನೇ ಪುಟದ ಕೆಳಗೆ, ಎಡಬದಿಗೆ, ಎರಡು ಇಂಚು. ಯಾವುದೋ ದೂರದ ಸಮುದ್ರದಲ್ಲಿ ಒಂದು ಸರಕಿನ ಹಡಗು ಸಂಪರ್ಕಕ್ಕೆ ಸಿಗುತ್ತಿಲ್ಲ, ಹುಡುಕಾಟ ನಡೆದಿದೆ. ಎರಡು ಸಲ ಓದಿದೆ. ಕಿಟಕಿಯ ಪಕ್ಕದ ಬೆಂಚು ಖಾಲಿ ಇತ್ತು. ಆ ಪುಟದ ಹಿಂಬದಿಯಲ್ಲಿ ಪದಬಂಧ ಇದೆಯೆಂದು ಗೊತ್ತಿದ್ದೂ ಮೇಜಿನ ಡ್ರಾಯರ್ ಎಳೆದೆ. ಭಟ್ರಿಗೆಂದು ಒಯ್ಯುತ್ತಿದ್ದ ಬ್ಲೇಡು ಅಲ್ಲೇ ಇತ್ತು. ಬೋರ್ಡಿನ ಕಡೆ ಬೆನ್ನು ಹಾಕಿ ಕೂತು ಕತ್ತರಿಸಿದೆ. ಅಡಿಕೋಲು ಇರಲಿಲ್ಲ, ಗೆರೆ ಎಲ್ಲೆಲ್ಲಿಗೋ ಹೋಯಿತು.

ಮಧ್ಯಾಹ್ನ ಪೇಪರು ಯಮುನಕ್ಕನ ಕೈಗೆ ಕೊಟ್ಟೆ. ಊಟಕ್ಕೆ ಹೋಗದೆ ಬಾಗಿಲಲ್ಲೇ ನಿಂತೆ. ಅವರು ಒಂದೊಂದೇ ಪುಟ ತಿರುಗಿಸಿದರು. ಎಂಟನೆಯದಕ್ಕೆ ಬಂದಾಗ ಕೈ ನಿಂತಿತು. ತೂತಿನ ಸುತ್ತ ನಿಧಾನಕ್ಕೆ ಬೆರಳಾಡಿಸಿದರು. ತಲೆ ಎತ್ತಿದಾಗ ಕಣ್ಣು ತುಂಬಿತ್ತು, ತುಟಿಯಲ್ಲಿ ನಗು ಇತ್ತು.

‘ಅಂಚ್ ವಾರೆ ಆಯ್ತಲೆ ಮಾರಾಯ್ತಿ. ಭಾವ ಚೌಕ ಕತ್ರಸ್ತಿದ್ರ್,’ ಅಂದರು. ‘ನಾಳೆ ಬಪ್ಪತಿಗೆ ಅವ್ರ ಪಂಚಾಂಗ ತತ್ತೆ. ಅದನ್ನ್ ಇಟ್ಕಂಡ್ ಕತ್ರಸ್.’